ಒಣ ಬೊಂಬಿಲ್ ಮತ್ತು ನನ್ನದೊಂದು ಸಹಿ

ಮೊನ್ನೆ ಪಿಂಪ್ರಿ ಕ್ಯಾಂಪಿನ ಮಾರ್ಕೆಟ್ಟಿಗೆ ಹೋಗಿದ್ದೆ. ಮೇ ತಿಂಗಳ ಕೊನೆಯ ವಾರ. ಒಣಮೀನು ಮಾರುವ ಹೆಂಗಸರ ಮುಂದೆ ಗಿರಾಕಿಗಳ ಗದ್ದಲ. ಮಳೆಗಾಲಕ್ಕೆಂದು ಬೊಂಬಿಲ್, ಸುಕಟ ತುಂಬಿಟ್ಟುಕೊಳ್ಳುವ ಕಾಲ ನೋಡಿ. ನಾನೂ ಅರ್ಧ ಕಿಲೋ ಬೊಂಬಿಲ್ ಕಟ್ಟಿಸಿಕೊಂಡೆ. ಬಾಗಲಕೋಟೆ ಕಡೆಯವನಿಗೂ ಬೊಂಬಿಲ್‌ಗೂ ಎಲ್ಲಿಯ ನಂಟು ಅಂತೀರಾ? ಅದನ್ನೇ ಬರೆಯೋಣ ಅಂತ ಕೂತಿದ್ದೇನೆ.

ನಾನು ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದದ್ದು ೧೯೮೪ರಲ್ಲಿ. ಪಿಂಪ್ರಿ-ಚಿಂಚವಾಡ ಮಹಾನಗರಪಾಲಿಕೆಯಾಗಿ ಆಗಿನ್ನೂ ಎರಡು ವರ್ಷ. ದೇಶ ಒಡೆದಾಗ ಬಂದ ಸಿಂಧಿಗಳು ಕ್ಯಾಂಪಿನಲ್ಲಿ ನೆಲೆಸಿದ್ದರು. ೧೯೫೪ರಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಶುರುವಾಯಿತು. ಅರವತ್ತರ ದಶಕದಲ್ಲಿ ಎಂಐಡಿಸಿ, ಬಜಾಜ್, ಟೆಲ್ಕೊ ಬಂದವು. ಹಿಂದೆಯೇ ನಮ್ಮಂಥವರು ಬಂದೆವು. ಒಂದೊಂದು ಚಾಳಿನಲ್ಲೂ ನಾಲ್ಕಾರು ಊರಿನ ಅಡಿಗೆಯ ವಾಸನೆ.

ನಮ್ಮ ಚಾಳಿನಲ್ಲಿ ಪಕ್ಕದ ಖೋಲಿಯವರು ರತ್ನಾಗಿರಿ ಕಡೆಯವರು. ಗಂಡ, ಹೆಂಡತಿ, ವಯಸ್ಸಾದ ತಾಯಿ. ಆ ತಾಯಿಯನ್ನು ಎಲ್ಲರೂ ಆಯಿ ಅನ್ನುತ್ತಿದ್ದೆವು. ಒಂದು ದಿನ ಸಂಜೆ ಪಾಳಿ ಮುಗಿಸಿ ಬಂದರೆ ಇಡೀ ಚಾಳಿಗೆ ಏನೋ ಸತ್ತು ಬಿದ್ದ ಹಾಗೆ ನಾತ! ಮೂಗು ಮುಚ್ಚಿಕೊಂಡು ಒಳಗೆ ಓಡಿದೆ. ಆಯಿ ಕೆಂಡದ ಮೇಲೆ ಒಣ ಬೊಂಬಿಲ್ ಸುಡುತ್ತಿದ್ದರು.

ನಾನೇನು ಸಸ್ಯಾಹಾರಿಯಲ್ಲ. ಜಾತ್ರೆಗೆ ಕುರಿ, ಯಾವಾಗಲಾದರೂ ಕೃಷ್ಣೆಯ ಮೀನು ತಿಂದು ಬೆಳೆದವನೇ. ಆದರೆ ಹೊಳೆಮೀನಿಗೆ ಈ ನಾತ ಇರುವುದಿಲ್ಲ. ಕಾರಣ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಕಡಲಿನ ಮೀನು ಉಪ್ಪುನೀರಿನಲ್ಲಿ ಬದುಕಲು ತನ್ನ ಮೈಯಲ್ಲಿ ಒಂದು ರಾಸಾಯನಿಕ ಇಟ್ಟುಕೊಂಡಿರುತ್ತದೆ. ಸತ್ತ ಮೇಲೆ ಅದು ಒಡೆದು ಟ್ರೈಮೀಥೈಲಮೈನ್ ಆಗುತ್ತದೆ. ಆ ವಾಸನೆ ಅದರದ್ದು. ಸಿಹಿನೀರಿನ ಮೀನಿನಲ್ಲಿ ಅದು ತೀರಾ ಕಡಿಮೆ. ಹುಳಿ ಹಾಕಿದರೆ ವಾಸನೆ ಅಡಗುತ್ತದೆ. ಕೊಂಕಣದವರು ಕೋಕಂ ಹಾಕುವುದರ ಹಿಂದೆ ಈ ಗುಟ್ಟೂ ಇದೆ.

ಆಗ ಇದೆಲ್ಲ ಯಾರಿಗೆ ಬೇಕಿತ್ತು? ಮನೆಮಾಲೀಕರಿಗೆ ಕೊಡಲು ಯಾರೋ ದೂರಿನ ಕಾಗದ ಬರೆದರು. ನಾನೂ ಸಹಿ ಹಾಕಿದೆ. ಕನ್ನಡದಲ್ಲೇ ಹಾಕಿದೆ, ಸ್ಪಷ್ಟವಾಗಿ. ಮಾಲೀಕರು ಬಂದು ಗದರಿಸಿ ಹೋದರು. ವಾಸನೆ ನಿಂತಿತು.

ಜುಲೈನಲ್ಲಿ ಮೂರು ದಿನ ಬಿಡದೆ ಮಳೆ ಹೊಡೆಯಿತು. ಮೆಸ್ ಮುಚ್ಚಿತ್ತು, ಸ್ಟವ್‌ನಲ್ಲಿ ಸೀಮೆಎಣ್ಣೆ ಇರಲಿಲ್ಲ. ಸಾಲ ಕೇಳಲು ಪಕ್ಕದ ಬಾಗಿಲು ಬಡಿದೆ. "ಬಸ್ ಬಾಳಾ, ಆಧೀ ಜೇವ್" ಅಂದರು ಆಯಿ. ಕೂಡು ಮಗಾ, ಮೊದಲು ಉಣ್ಣು. ಅನ್ನ, ಅದರ ಪಕ್ಕ ಕೆಂಪಗೆ ಏನೋ ಪಲ್ಯ. ವಾಸನೆಯಿಂದಲೇ ಗೊತ್ತಾಯಿತು. ಬಾಗಿಲು ಕಿಟಕಿ ಎಲ್ಲ ಮುಚ್ಚಿಕೊಂಡು, ಮಳೆ ಜೋರಾದಾಗ ಮಾಡಿದ್ದರು ಪಾಪ... ಉಸಿರು ಬಿಗಿಹಿಡಿದು ಒಂದು ತುತ್ತು ನುಂಗಿದೆ. ಬಾಯಲ್ಲಿ ನಾತವಿರಲಿಲ್ಲ! ಉಪ್ಪು, ಬೆಳ್ಳುಳ್ಳಿ, ಹುಳಿ, ಅಗಿದಷ್ಟೂ ರುಚಿ. ಎರಡನೇ ಸಲ ಅನ್ನ ಹಾಕಿಸಿಕೊಂಡೆ.

ನಾನು ಮೆಣಸಿನಕಾಯಿ ಹುರಿದಾಗಲೆಲ್ಲ ಆಯಿಗೆ ಕೆಮ್ಮು ಬರುತ್ತಿದ್ದುದು ನೆನಪಾಯಿತು. ಅವರು ಸುಮ್ಮನೆ ಬಾಗಿಲು ಹಾಕಿಕೊಳ್ಳುತ್ತಿದ್ದರು, ಅಷ್ಟೆ.

ಆಮೇಲೆ ಈ ಮೀನಿನ ಕತೆಯನ್ನು ಹುಡುಕುತ್ತಾ ಹೋದೆ. ಹಸಿ ಬೊಂಬಿಲ್ ಮುದ್ದೆಯಂತೆ ಮೆತ್ತಗೆ, ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಪಾಲು ನೀರು. ಬೇಗ ಕೆಡುತ್ತದೆ. ಅದಕ್ಕೇ ವರ್ಸೋವಾ, ಅರ್ನಾಳಾದಂಥ ಊರುಗಳ ಕೋಳಿ ಜನ ಎರಡೆರಡು ಮೀನುಗಳ ದವಡೆ ಒಂದಕ್ಕೊಂದು ಸಿಕ್ಕಿಸಿ ಬಿದಿರಿನ ಚೌಕಟ್ಟಿಗೆ ನೇತುಹಾಕಿ ಬಿಸಿಲಿಗೆ ಒಣಗಿಸುತ್ತಾರೆ. ಮಳೆಗಾಲದಲ್ಲಿ ಕಡಲಿಗಿಳಿಯುವ ಹಾಗಿಲ್ಲ. ನಾರಳಿ ಪೂರ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ದೋಣಿ ಇಳಿಸುವ ಪದ್ಧತಿ. ಅಲ್ಲಿಯವರೆಗೆ ಒಣಮೀನೇ ಗತಿ. ಐಸ್ ಬೇಡ, ಭಾರವಿಲ್ಲ, ತಿಂಗಳುಗಟ್ಟಲೆ ಇರುತ್ತದೆ. ಘಟ್ಟ ಹತ್ತಿ ಕಾರ್ಖಾನೆಗೆ ಬಂದವರ ಗಂಟಿನಲ್ಲಿ ಇದು ಸೇರಿದ್ದರಲ್ಲಿ ಆಶ್ಚರ್ಯವೇನು?

ಇದಕ್ಕೆ ಇಂಗ್ಲಿಷರು ಇಟ್ಟ ಹೆಸರು 'ಬಾಂಬೆ ಡಕ್'. 'ಬಾಂಬೆ ಡಾಕ್' ಎಂಬ ಟಪಾಲು ರೈಲಿನಲ್ಲಿ ಸಾಗುತ್ತಿದ್ದ ಮೀನಿಗೆ ಆ ಹೆಸರು ಅಂಟಿತು ಅನ್ನುವ ಕತೆ ಚೆನ್ನಾಗಿದೆ, ನಂಬುವುದು ಕಷ್ಟ. ಮುಂಬೈ-ಠಾಣೆ ರೈಲು ಓಡಿದ್ದು ೧೮೫೩ರಲ್ಲಿ. ಆಕ್ಸ್‌ಫರ್ಡ್ ನಿಘಂಟಿನ ಪ್ರಕಾರ ಈ ಹೆಸರು ೧೮೫೦ಕ್ಕಾಗಲೇ ಬಳಕೆಯಲ್ಲಿತ್ತು.

ಇನ್ನೊಂದು ಸಂಗತಿ ನಮಗೆ ಇನ್ನೂ ಹತ್ತಿರದ್ದು. ೧೮೨೨ರಲ್ಲಿ ಗಂಗಾನದಿಯ ಮೀನುಗಳ ಪುಸ್ತಕದಲ್ಲಿ ಇದನ್ನು ವರ್ಣಿಸಿ ವೈಜ್ಞಾನಿಕ ಹೆಸರು ಕೊಟ್ಟವರು ಫ್ರಾನ್ಸಿಸ್ ಹ್ಯಾಮಿಲ್ಟನ್. ಯಾರು ಗೊತ್ತೇ? ಟಿಪ್ಪು ಸತ್ತ ಮೇಲೆ, ೧೮೦೦-೦೧ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿ ನಮ್ಮ ಊರುಗಳ ಬೆಳೆ, ಕಸುಬುಗಳನ್ನು ಬರೆದಿಟ್ಟ ಅದೇ ಬುಕಾನನ್! ಆಮೇಲೆ ತಾಯಿಯ ಕಡೆಯ ಹೆಸರು ಇಟ್ಟುಕೊಂಡಿದ್ದರು.

೧೯೯೭ರಲ್ಲಿ ಯುರೋಪು ಬೊಂಬಿಲ್ ಆಮದಿಗೇ ತಡೆ ಹಾಕಿತು. ಮಾನ್ಯತೆ ಪಡೆದ ಕಾರ್ಖಾನೆಯಿಂದ ಬಂದ ಮೀನು ಮಾತ್ರ ಬೇಕಂತೆ. ಇದು ಕಡಲದಂಡೆಯ ಬಿಸಿಲಲ್ಲಿ ಒಣಗಿದ್ದು. ಬ್ರಿಟನ್ನಿನಲ್ಲಿ ಇದರ ರುಚಿ ಹತ್ತಿದವರೇ ಗಲಾಟೆ ಮಾಡಿದರು. ಕೆಲವು ವರ್ಷಗಳಲ್ಲಿ ನಿಯಮ ಸಡಿಲಿಸಿದರು: ಒಣಗಿಸುವುದು ಬಯಲಿನಲ್ಲಾದರೂ ಸರಿ, ಪ್ಯಾಕಿಂಗ್ ಮಾನ್ಯತೆಯಿರುವ ಕಡೆ ಆಗಲಿ ಎಂದು. ಅಲ್ಲಿಯೂ ಒಂದು ಕಾಗದ, ಒಂದು ಸಹಿ!

ಹೋದ ವರ್ಷ ನಮ್ಮ ಸೊಸೈಟಿಯಲ್ಲಿ ಇಂಥದೇ ಕಾಗದ ಬಂತು. ಮೂರನೇ ಮಹಡಿಯ ಬಾಡಿಗೆಯವರ ಅಡಿಗೆ ನಾರುತ್ತದಂತೆ. ಪೆನ್ನು ಕೊಟ್ಟ ಹುಡುಗನಿಗೆ, "ಮೊದಲು ಅವರ ಮನೆಯಲ್ಲಿ ಒಂದು ಸಲ ಉಂಡು ಬಾ, ಆಮೇಲೆ ಹಾಕುತ್ತೇನೆ" ಅಂದೆ. ಅವನು ನಕ್ಕು ಮುಂದಿನ ಮನೆಗೆ ಹೋದ.

ಆಯಿ ೧೯೮೭ರಲ್ಲಿ ಊರಿಗೆ ಹೋದವರು ತಿರುಗಿ ಬರಲಿಲ್ಲ. ಅವರಿಗೆ ಓದು ಬಾರದು, ಅದರಲ್ಲೂ ಕನ್ನಡ. ಆ ಕಾಗದದ ಮೇಲೆ ನನ್ನ ಸಹಿಯೂ ಇತ್ತೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ಅವರ ಮನೆಯಲ್ಲಿ ಅದೆಷ್ಟು ಸಲ ಉಂಡೆನೋ, ಹೇಳಲು ಮಾತ್ರ ಬಾಯಿ ಬರಲಿಲ್ಲ.