ಹೆರಿಗೆ ಮಾಡಿಸಲು ಎಷ್ಟು ಓದಿರಬೇಕು?

ಬಂಗಾರಪೇಟೆ: ಚಿನ್ನದ ಗಣಿ ನಡೆಯುತ್ತಿದ್ದಷ್ಟು ಕಾಲ ಕೆ.ಜಿ.ಎಫ್. ಕಾರ್ಮಿಕ ಕುಟುಂಬಗಳಿಗೆ ಕಂಪೆನಿಯದೇ ಆಸ್ಪತ್ರೆಯಿತ್ತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು, ಆಸ್ಪತ್ರೆಯೂ ಉಳಿಯಲಿಲ್ಲ. ಇತ್ತ ತಾಲ್ಲೂಕಿನ ಹಳ್ಳಿಗಳಲ್ಲಿ ಗರ್ಭಿಣಿಯ ಮನೆ ಬಾಗಿಲಿಗೆ ಮೊದಲು ಬರುವವರು ಉಪಕೇಂದ್ರದ ಎ.ಎನ್.ಎಂ. ಆದ್ದರಿಂದ ಅವರು ಏನು ಕಲಿತಿದ್ದಾರೆ ಎಂಬುದು ತಾಯಿ-ಮಗುವಿನ ಜೀವದ ಪ್ರಶ್ನೆ.

ಈ ಶಿಕ್ಷಣಕ್ಕೆ ಮಾನದಂಡ ನಿಗದಿಪಡಿಸುವ ಅಧಿಕಾರವನ್ನು 1947ರ ಕಾಯ್ದೆ ಭಾರತೀಯ ಶುಶ್ರೂಷಾ ಪರಿಷತ್ತಿಗೆ ನೀಡಿತ್ತು. ಐವತ್ತರ ದಶಕದಲ್ಲಿ ಆರಂಭವಾದ ಎ.ಎನ್.ಎಂ. ಕೋರ್ಸು ಎರಡು ವರ್ಷದ್ದು. ಪ್ರಸೂತಿಯೇ ಅದರ ತಿರುಳು. ಕರ್ತಾರ್ ಸಿಂಗ್ ಸಮಿತಿಯ 1973ರ ವರದಿಯ ನಂತರ ಎ.ಎನ್.ಎಂ. 'ವಿವಿಧೋದ್ದೇಶ ಕಾರ್ಯಕರ್ತೆ'ಯಾದರು. 1977ರಲ್ಲಿ ಕೋರ್ಸು 18 ತಿಂಗಳಿಗೆ ಇಳಿಯಿತು. ಲಸಿಕೆ, ಕುಟುಂಬ ಯೋಜನೆ ಎಂದು ಕೆಲಸದ ಪಟ್ಟಿ ಬೆಳೆಯಿತು, ಓದು ಮೊಟಕಾಯಿತು. ಹೆರಿಗೆ ವಿದ್ಯೆಗೆ ಪೆಟ್ಟು ಬಿದ್ದದ್ದು ಇಲ್ಲಿಯೇ ಎನ್ನದೆ ವಿಧಿಯಿಲ್ಲ. ನಾಟಿ ಸೂಲಗಿತ್ತಿಯರಿಗಂತೂ ಸರ್ಕಾರ ಕೊಡುತ್ತಿದ್ದುದು ಒಂದು ತಿಂಗಳ ತರಬೇತಿ ಮಾತ್ರ.

2005ರಲ್ಲಿ ಜನನಿ ಸುರಕ್ಷಾ ಯೋಜನೆಯೊಂದಿಗೆ ಆಸ್ಪತ್ರೆ ಹೆರಿಗೆಗೆ ಒತ್ತು ಬಂದಾಗ ಈ ಕೊರತೆ ಕಣ್ಣಿಗೆ ಬಿತ್ತು. ಸೇವೆಯಲ್ಲಿದ್ದವರಿಗೆ ಮೂರು ವಾರಗಳ ಕೌಶಲ ತರಬೇತಿ ರೂಪುಗೊಂಡಿತು. ಹೆರಿಗೆಯ ಪ್ರಗತಿಯನ್ನು ಪಾರ್ಟೋಗ್ರಾಫ್‌ನಲ್ಲಿ ಗುರುತಿಸುವುದು, ರಕ್ತಸ್ರಾವ ತಡೆಯಲು ಆಕ್ಸಿಟೋಸಿನ್, ನಂಜು ಏರಿದಾಗ ಮೆಗ್ನೀಸಿಯಂ ಸಲ್ಫೇಟ್‌ನ ಮೊದಲ ಡೋಸ್ ಕೊಟ್ಟು ದೊಡ್ಡಾಸ್ಪತ್ರೆಗೆ ಸಾಗಿಸುವುದು ಅದರ ಮುಖ್ಯ ಪಾಠಗಳು. ಮುಂದೆ ಎ.ಎನ್.ಎಂ. ಕೋರ್ಸು ಮತ್ತೆ ಎರಡು ವರ್ಷಕ್ಕೆ ಮರಳಿತು. ಪ್ರವೇಶಕ್ಕೆ ಪಿಯುಸಿ ಅಗತ್ಯವಾಯಿತು.

ಅಂತರರಾಷ್ಟ್ರೀಯ ಮಾನದಂಡ ಇನ್ನೂ ಬಿಗಿ. ನೇರವಾಗಿ ಸೇರುವವರಿಗೆ ಕನಿಷ್ಠ ಮೂರು ವರ್ಷ, ಶುಶ್ರೂಷಕಿಯರಾಗಿದ್ದವರಿಗೆ 18 ತಿಂಗಳು. ಇದನ್ನು ಅನುಸರಿಸಿ ಕೇಂದ್ರ ಸರ್ಕಾರ 2018ರ ಡಿಸೆಂಬರ್‌ನಲ್ಲಿ, ನೋಂದಾಯಿತ ಶುಶ್ರೂಷಕಿಯರಿಗೆ 18 ತಿಂಗಳ ಪ್ರತ್ಯೇಕ ಮಿಡ್‌ವೈಫರಿ ಕೋರ್ಸಿನ ಮಾರ್ಗಸೂಚಿ ಹೊರಡಿಸಿತು. ಅದೇ ತಿಂಗಳ 25ರಂದು, ಸಾವಿರಾರು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದ ಪಾವಗಡದ ಪದ್ಮಶ್ರೀ ಸೂಲಗಿತ್ತಿ ನರಸಮ್ಮ ನಿಧನರಾದರು. ಶಾಲೆಯ ಮೆಟ್ಟಿಲು ಹತ್ತದ ಆಕೆಯ ಕೈಗುಣವನ್ನು ಯಾವ ಪಠ್ಯಕ್ರಮವೂ ಅಳೆದಿರಲಿಲ್ಲ.

1947ರ ಕಾಯ್ದೆಯ ಸ್ಥಾನದಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಗೆ ಸಂಸತ್ತು 2023ರಲ್ಲಿ ಒಪ್ಪಿಗೆ ನೀಡಿದೆ. ಮಗಳನ್ನು ಈ ಕೋರ್ಸಿಗೆ ಸೇರಿಸುವ ಪೋಷಕರು ಕಾಲೇಜಿನ ಮಾನ್ಯತೆಯ ಜತೆಗೆ, ವಿದ್ಯಾರ್ಥಿನಿಯರು ಯಾವ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಕಲಿಯುತ್ತಾರೆ ಎಂಬುದನ್ನೂ ವಿಚಾರಿಸುವುದು ಒಳಿತು.