ರುಡ್‌ಸೆಟ್ ಸಂಸ್ಥೆ: ವಯಸ್ಕರ ಶಿಕ್ಷಣದಲ್ಲಿ ಉದ್ಯಮಶೀಲತೆಯ ಕಲಿಕೆ

ರುಡ್‌ಸೆಟ್ ಸಂಸ್ಥೆಯು ನಿರುದ್ಯೋಗಿ ಗ್ರಾಮೀಣ ಯುವಜನರಿಗೆ ಊಟ, ವಸತಿ ಸಹಿತ ಉಚಿತವಾಗಿ ಸ್ವಉದ್ಯೋಗ ತರಬೇತಿ ನೀಡುವ ಸಂಸ್ಥೆ. ಪೂರ್ಣ ಹೆಸರು ಗ್ರಾಮೀಣಾಭಿವೃದ್ಧಿ ಮತ್ತು ಸ್ವಉದ್ಯೋಗ ತರಬೇತಿ ಸಂಸ್ಥೆ. ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜತೆಗೂಡಿ 1982ರಲ್ಲಿ ದಕ್ಷಿಣ ಕನ್ನಡದ ಉಜಿರೆಯಲ್ಲಿ ಇದನ್ನು ಆರಂಭಿಸಿದವು. ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಇದರ ಕೇಂದ್ರ ನೆಲಮಂಗಲದ ಅರಿಶಿನಕುಂಟೆಯಲ್ಲಿದೆ. ವಯಸ್ಕರಿಗೆ ಏನು ಕಲಿಸಬೇಕು ಎಂಬುದರ ಜತೆಗೆ, ಕಲಿಸಿದ ಮೇಲೆ ಎಷ್ಟು ದೂರ ಅವರ ಜತೆ ನಡೆಯಬೇಕು ಎಂಬುದನ್ನೂ ಪಠ್ಯಕ್ರಮದ ಭಾಗವಾಗಿಸಿದ್ದು ಇದರ ದೊಡ್ಡ ಕೊಡುಗೆ.

ಹಿನ್ನೆಲೆ

ವಯಸ್ಕರ ಕಲಿಕೆಯನ್ನು ಬದುಕಿಗೆ ಹೊಂದಿಸುವ ಯತ್ನ ಈ ನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನದ ವಯಸ್ಕರ ಶಿಕ್ಷಣ ಸಮಿತಿಯು ಡೆನ್ಮಾರ್ಕಿನ ಜಾನಪದ ಪ್ರೌಢಶಾಲೆಗಳಿಂದ ಪ್ರೇರಣೆ ಪಡೆದು 1947ರಲ್ಲಿ ನಂಜನಗೂಡಿನಲ್ಲಿ ಮೊದಲ ವಿದ್ಯಾಪೀಠ ತೆರೆಯಿತು. ಹಳ್ಳಿಯ ಯುವಕರು ಅಲ್ಲೇ ತಂಗಿ ಬೇಸಾಯ, ಕೈಕಸಬು, ನಾಗರಿಕ ಜೀವನದ ಪಾಠ ಕಲಿಯುತ್ತಿದ್ದರು. ಮುಂದೆ 1978ರ ಅಕ್ಟೋಬರ್ 2ರಂದು ಆರಂಭವಾದ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮವು ಸಾಕ್ಷರತೆಯ ಜತೆಗೆ ಕಸುಬಿನ ಸಾಮರ್ಥ್ಯ ಮತ್ತು ಸಾಮಾಜಿಕ ಅರಿವನ್ನೂ ಗುರಿಯಾಗಿಸಿತು. ಆದರೆ ಕಸುಬು ಕಲಿತವನಿಗೆ ಬಂಡವಾಳ ಎಲ್ಲಿಂದ, ಮಾರುಕಟ್ಟೆ ಎಲ್ಲಿ ಎಂಬ ಪ್ರಶ್ನೆಗಳು ತರಗತಿಯ ಹೊರಗೇ ಉಳಿದವು. ಬ್ಯಾಂಕುಗಳೇ ಪಾಲುದಾರರಾದ ರುಡ್‌ಸೆಟ್ ಅವನ್ನು ತರಗತಿಯೊಳಕ್ಕೆ ತಂದಿತು.

ಪಠ್ಯಕ್ರಮ

ತರಬೇತಿ ಸಾಮಾನ್ಯವಾಗಿ ಒಂದರಿಂದ ಆರು ವಾರಗಳದ್ದು. ಹೊಲಿಗೆ, ಹೈನುಗಾರಿಕೆ, ಕುರಿ ಸಾಕಣೆ, ಅಣಬೆ ಬೇಸಾಯದ ಸಾಲಿಗೆ ಮೊಬೈಲ್ ರಿಪೇರಿ, ಸಿಸಿಟಿವಿ ಅಳವಡಿಕೆಯಂಥ ಕೋರ್ಸುಗಳೂ ಸೇರಿವೆ. ಕಸುಬಿನ ಪಾಠದೊಂದಿಗೆ ಮಾರುಕಟ್ಟೆ ಸಮೀಕ್ಷೆ, ಲೆಕ್ಕ ಬರೆಯುವುದು, ಯೋಜನಾ ವರದಿ ತಯಾರಿಕೆ, ಬ್ಯಾಂಕ್ ವ್ಯವಹಾರ ಎಲ್ಲವೂ ಇರುತ್ತವೆ.

ದಿನ ಆರಂಭವಾಗುವುದು ಪ್ರಾರ್ಥನೆ, ಯೋಗ, ಶ್ರಮದಾನಗಳಿಂದ. ಬಳಿಕ ‘ಮಿಲಿ’ ಎಂದು ಕರೆಯುವ ಅವಧಿ. ಹಿಂದಿನ ದಿನ ತಾವು ಕಲಿತದ್ದರಲ್ಲಿ ಮುಖ್ಯವಾದುದನ್ನು ಶಿಬಿರಾರ್ಥಿಗಳು ಎಲ್ಲರೆದುರು ಎದ್ದು ನಿಂತು ಹೇಳಬೇಕು. ಶಾಲೆ ಬಿಟ್ಟ ಮೇಲೆ ನಾಲ್ಕು ಜನರ ಮುಂದೆ ಮಾತನಾಡದವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಮ್ಯಾನೇಜರರ ಮುಂದೆ ಕುಳಿತು ಸಾಲ ಕೇಳುವ ಧೈರ್ಯ ಬರುವುದು ಇಂಥ ಅಭ್ಯಾಸದಿಂದಲೇ.

ಗೋಪುರ ಕಟ್ಟುವ ಆಟ ಮತ್ತೊಂದು ಪಾಠ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡ ಶಿಬಿರಾರ್ಥಿ ರೂಢಿಯಿಲ್ಲದ ಕೈಯಿಂದ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಬೇಕು. ಎಷ್ಟು ಪೇರಿಸುತ್ತೇನೆಂದು ಮೊದಲೇ ಹೇಳಿರಬೇಕು. ಪಕ್ಕದಲ್ಲಿರುವವರ ಮಾತು ಅವನನ್ನು ಎತ್ತುತ್ತದೆಯೋ ಕುಗ್ಗಿಸುತ್ತದೆಯೋ ಎಂಬುದನ್ನು ಉಳಿದವರು ಗಮನಿಸುತ್ತಾರೆ. ಗುರಿ ಇಟ್ಟುಕೊಳ್ಳುವುದು, ಅಳೆದು ಅಪಾಯ ಎದುರಿಸುವುದು, ಮನೆಯವರ ಬೆಂಬಲದ ಬೆಲೆ ಎಲ್ಲವೂ ಆ ಬಳಿಕದ ಚರ್ಚೆಯಲ್ಲಿ ಬರುತ್ತವೆ. ಇಂಥ ಅಭ್ಯಾಸಗಳ ಬೇರು ಅಮೆರಿಕದ ಮನೋವಿಜ್ಞಾನಿ ಡೇವಿಡ್ ಮೆಕ್ಲೆಲ್ಯಾಂಡ್ ಅವರ ಸಾಧನಾ ಪ್ರೇರಣೆಯ ಸಿದ್ಧಾಂತದಲ್ಲಿದೆ. ಅವರ ತಂಡವು 1964ರಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ಈ ಬಗೆಯ ತರಬೇತಿ ನೀಡಿ, ಉದ್ಯಮಶೀಲತೆ ಹುಟ್ಟುಗುಣವಷ್ಟೇ ಅಲ್ಲ, ಕಲಿಸಬಹುದಾದದ್ದೂ ಹೌದೆಂದು ವಾದಿಸಿತು.

ಮುನ್ನಡೆಸುವವರು

ಕೇಂದ್ರದ ನಿರ್ದೇಶಕರು ನಿಯೋಜನೆಯ ಮೇಲೆ ಬಂದ ಬ್ಯಾಂಕ್ ಅಧಿಕಾರಿಗಳು. ಸಾಲದ ಅರ್ಜಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಬಲ್ಲವರೇ ಯೋಜನಾ ವರದಿ ಬರೆಯಲು ಕಲಿಸುತ್ತಾರೆ. ಶಿಬಿರ ಮುಗಿದ ಬಳಿಕ ಎರಡು ವರ್ಷ ಶಿಬಿರಾರ್ಥಿಗಳ ಸಂಪರ್ಕದಲ್ಲಿದ್ದು ಸಾಲ, ಮಾರುಕಟ್ಟೆಗಳ ತೊಡಕು ಬಿಡಿಸಲು ನೆರವಾಗುವುದು ಸಂಸ್ಥೆಯ ಕರ್ತವ್ಯ. ಯಾವ ಪಾಠ ಉಪಯೋಗಕ್ಕೆ ಬಂತು, ಯಾವುದು ಬರಲಿಲ್ಲ ಎಂಬುದು ಆಗಲೇ ಗೊತ್ತಾಗುವುದು. ಪಠ್ಯಕ್ರಮವನ್ನು ಬದಲಿಸಲು ಅದಕ್ಕಿಂತ ಒಳ್ಳೆಯ ಆಧಾರವಿಲ್ಲ.

ಜಿಲ್ಲೆಯ ಅಗತ್ಯ

ದೊಡ್ಡಬಳ್ಳಾಪುರ ತಾಲ್ಲೂಕು ನೆಲಮಂಗಲದ ನೆರೆಯದು. ದೊಡ್ಡಬಳ್ಳಾಪುರ ಪಟ್ಟಣ ವಿದ್ಯುತ್ ಮಗ್ಗಗಳ ಊರು, ಸುತ್ತಲಿನ ಹಳ್ಳಿಗಳು ರಾಗಿ, ರೇಷ್ಮೆ, ಹೈನುಗಾರಿಕೆಯವು. ದೇವನಹಳ್ಳಿಯ ಬಳಿ 2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಜಿಲ್ಲೆಯ ಭೂಮಿ, ದುಡಿಮೆ ಎರಡೂ ಬೇಗ ಬದಲಾಗುತ್ತಿವೆ. ಹೊಲ ಕೈತಪ್ಪಿದ ಮನೆಯ ಮಕ್ಕಳಿಗೆ ಕಾರ್ಖಾನೆಯ ಗುತ್ತಿಗೆ ಕೆಲಸವೊಂದೇ ಗತಿಯಾಗಬಾರದು. ಸ್ವಂತ ಕಸುಬಿನ ಕಲಿಕೆಗೆ ಇಲ್ಲಿ ಹೆಚ್ಚಿನ ಬೆಲೆ ಬಂದಿರುವುದು ಇದರಿಂದಲೇ.

ವಿಸ್ತರಣೆ ಮತ್ತು ಮಹತ್ವ

ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು 2009ರಲ್ಲಿ ಇದೇ ಮಾದರಿಯನ್ನು ದೇಶಕ್ಕೆ ವಿಸ್ತರಿಸಿ, ಪ್ರತಿ ಜಿಲ್ಲೆಗೊಂದು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ (ಆರ್‌ಸೆಟಿ) ಸ್ಥಾಪಿಸುವ ಹೊಣೆಯನ್ನು ಬ್ಯಾಂಕುಗಳಿಗೆ ವಹಿಸಿತು. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿಯು ವಯಸ್ಕರ ಪಠ್ಯಕ್ರಮಕ್ಕೆ ಐದು ಅಂಗಗಳನ್ನು ಸೂಚಿಸಿತು: ಬುನಾದಿ ಸಾಕ್ಷರತೆ ಮತ್ತು ಸಂಖ್ಯಾಜ್ಞಾನ, ಜೀವನ ಕೌಶಲ, ವೃತ್ತಿ ಕೌಶಲ, ಮೂಲ ಶಿಕ್ಷಣ, ನಿರಂತರ ಶಿಕ್ಷಣ.

ವಾರಗಟ್ಟಲೆ ಮನೆ ಬಿಟ್ಟಿರಲು ಎಳೆಯ ಮಕ್ಕಳ ತಾಯಂದಿರಿಗೆ, ದಿನಗೂಲಿಯವರಿಗೆ ಆಗುವುದಿಲ್ಲ ಎಂಬುದು ವಸತಿ ತರಬೇತಿಯ ಮಿತಿ. ಸಾಕ್ಷರತಾ ಕೇಂದ್ರಗಳು ಅವರ ಊರಿನಲ್ಲೇ ಇವೆ, ಆದರೆ ಅಲ್ಲಿ ಸಾಲ, ಮಾರುಕಟ್ಟೆಗಳ ನಂಟು ಕಡಿಮೆ. ಇವೆರಡನ್ನೂ ಬೆಸೆಯುವುದು, ಎರಡು ವರ್ಷದ ಬೆಂಬಲವನ್ನು ಅಕ್ಷರ ಕಲಿತ ಪ್ರತಿಯೊಬ್ಬ ವಯಸ್ಕರಿಗೂ ತಲುಪಿಸುವುದು ವಯಸ್ಕರ ಶಿಕ್ಷಣವನ್ನು ಮುನ್ನಡೆಸುವವರ ಮುಂದಿರುವ ಮುಖ್ಯ ಕೆಲಸ.