ತಲೆಬುರುಡೆಯ ಅನ್ಯೂರಿಸ್ಮಲ್ ಬೋನ್ ಸಿಸ್ಟ್

ಮೂಳೆಯೊಳಗೆ ರಕ್ತ ತುಂಬಿದ ಪೊಳ್ಳುಗಳು ಬೆಳೆದು ಅದನ್ನು ಒಳಗಿನಿಂದಲೇ ಉಬ್ಬಿಸುವ, ಕ್ಯಾನ್ಸರ್ ಅಲ್ಲದ ಗಡ್ಡೆ. 1942ರಲ್ಲಿ ಜ್ಯಾಫಿ ಮತ್ತು ಲಿಕ್ಟನ್‌ಸ್ಟೈನ್ ಇದನ್ನು ವಿವರಿಸಿದರು. ಕೈಕಾಲುಗಳ ಉದ್ದ ಮೂಳೆಗಳಲ್ಲೂ ಬೆನ್ನುಮೂಳೆಯಲ್ಲೂ ಹೆಚ್ಚು, ತಲೆಬುರುಡೆಯಲ್ಲಿ ಅಪರೂಪ. ರೋಗಿಗಳಲ್ಲಿ ಬಹುಪಾಲು 20 ವರ್ಷದೊಳಗಿನವರು.

ತಲೆಯ ಮೇಲೊಂದು ಉಬ್ಬು ನಿಧಾನವಾಗಿ ದೊಡ್ಡದಾಗುವುದೇ ಸಾಮಾನ್ಯ ಲಕ್ಷಣ. ಒಳಮುಖವಾಗಿ ಬೆಳೆದರೆ ತಲೆನೋವು, ಬುರುಡೆಯ ತಳದಲ್ಲಾದರೆ ದೃಷ್ಟಿದೋಷ ಅಥವಾ ಕಿವುಡು ಕಾಣಿಸಬಹುದು. ಸಿ.ಟಿ. ಸ್ಕ್ಯಾನ್‌ನಲ್ಲಿ ಮೂಳೆಯ ಹೊರಪದರ ಮೊಟ್ಟೆಯ ಚಿಪ್ಪಿನಷ್ಟು ತೆಳುವಾಗಿರುತ್ತದೆ. ಎಂ.ಆರ್.ಐ.ಯಲ್ಲಿ ರಕ್ತಕಣಗಳು ತಳಕ್ಕಿಳಿದು, ತಿಳಿ ಮೇಲೆ ನಿಂತ ಅಡ್ಡಗೆರೆಗಳು ತೋರುತ್ತವೆ. ಈ ಗೆರೆಗಳನ್ನಷ್ಟೇ ನಂಬುವುದು ಅಪಾಯ: ಟೆಲಾಂಜಿಯೆಕ್ಟಾಟಿಕ್ ಆಸ್ಟಿಯೋಸಾರ್ಕೋಮಾ ಎಂಬ ಕ್ಯಾನ್ಸರ್‌ನಲ್ಲೂ ಅವು ಇರುತ್ತವೆ. ಹಾಗಾಗಿ ಅಂಗಾಂಶ ಪರೀಕ್ಷೆ ಅನಿವಾರ್ಯ. ಯುಎಸ್‌ಪಿ6 ಜೀನ್‌ನ ಮರುಜೋಡಣೆ ಕಂಡುಬಂದರೆ ನಿರ್ಣಯಕ್ಕೆ ಬಲ ಬರುತ್ತದೆ.

ಗಡ್ಡೆಯನ್ನು ಪೂರ್ತಿ ತೆಗೆಯುವುದೇ ಉತ್ತಮ ಚಿಕಿತ್ಸೆ. ಉಳಿದ ತುಣುಕಿನಿಂದ ಅದು ಮರುಕಳಿಸಬಹುದು. ರಕ್ತಸ್ರಾವ ತಗ್ಗಿಸಲು ಕೆಲವೊಮ್ಮೆ ಮೊದಲೇ ಅದರ ರಕ್ತನಾಳಗಳನ್ನು ಮುಚ್ಚುತ್ತಾರೆ. ತೆರವಾದ ಜಾಗವನ್ನು ಟೈಟಾನಿಯಂ ಜಾಲರಿ ಅಥವಾ ರೋಗಿಯದೇ ಮೂಳೆಯಿಂದ ತುಂಬುತ್ತಾರೆ. ಬುರುಡೆಯ ತಳದಲ್ಲಿ ನರಗಳನ್ನು ಉಳಿಸಿಕೊಳ್ಳಲು ಹಲವೊಮ್ಮೆ ಭಾಗಶಃ ಕೆರೆದು ತೆಗೆಯುವುದಷ್ಟೇ ಸಾಧ್ಯ. ವಿಕಿರಣ ಚಿಕಿತ್ಸೆಯಿಂದ ಮುಂದೆ ಕ್ಯಾನ್ಸರ್ ಬರುವ ಸಂಭವವಿರುವುದರಿಂದ ಮಕ್ಕಳಲ್ಲಿ ಅದನ್ನು ಆದಷ್ಟು ದೂರವಿಡಬೇಕು.